ಇದಕ್ಕಿಂತ ದೆವ್ವವೇ ವಾಸಿ!

ರಾಮ್ಸೆ ಸಹೋದರರ ಸಿನಿಮಾ ಅಂದರೆ ಈಗಲೂ ನಗುವವರಿದ್ದಾರೆ. ನಗಲಿ ಬಿಡಿ. 1984ರ 'ಪುರಾನಾ ಮಂದಿರ್'ಗೆ ಅವರು ಸುರಿದದ್ದು ಕಡಿಮೆ ಕಾಸು. ಒಂದು ಹಳೇ ಹವೇಲಿ, ಒಂದಿಷ್ಟು ಹೊಗೆ, ಸಾಮ್ರಿ ಎಂಬ ಉದ್ದನೆಯ ಪಿಶಾಚಿ. ಪೋಸ್ಟರಿನಲ್ಲಿ ದೆವ್ವ, ಪರದೆ ಮೇಲೂ ದೆವ್ವವೇ. ಗಾಂಧಿ ಕ್ಲಾಸಿನವನ ಕಾಸಿಗೆ ಮೋಸವಿಲ್ಲ. ಚಿತ್ರ ಓಡಿತು ಕೂಡ.

ಟೋಪಿ ಹಾಕಿದ್ದು 2004ರ ಹಿಂದಿ ಚಿತ್ರ 'ಗರ್ಲ್‌ಫ್ರೆಂಡ್'. ಹೆಣ್ಣನ್ನು ಹೆಣ್ಣು ಪ್ರೀತಿಸುವ ಕಥೆ ಎಂದು ಪ್ರಚಾರ. ಒಳಗೆ ಹೋಗಿ ಕೂತರೆ ಕಂಡದ್ದೇನು ಸ್ವಾಮಿ? ಗೆಳತಿಯನ್ನು ಪ್ರೀತಿಸಿದ ತಾನ್ಯಾ ಬಾಲ್ಯದಲ್ಲಿ ದೌರ್ಜನ್ಯ ಉಂಡವಳಂತೆ, ಅದಕ್ಕೇ ಗಂಡಸರನ್ನು ಕಂಡರೆ ಆಗದಂತೆ! ಹೊಟ್ಟೆಕಿಚ್ಚು, ಹೊಡೆದಾಟ, ಕಡೆಗೆ ಕಿಟಕಿಯಿಂದ ಬಿದ್ದು ಸಾವು. ಗೆಳತಿ ಮಾತ್ರ ಗಂಡಿನ ಜೊತೆ ಕ್ಷೇಮ. ಸಾಮ್ರಿಗೆ ಕೊಟ್ಟ ಪಾತ್ರವನ್ನೇ ನಿರ್ದೇಶಕ ಕರಣ್ ರಾಜ್ದಾನ್ ಒಬ್ಬ ಹೆಣ್ಣುಮಗಳಿಗೆ ಕೊಟ್ಟರು.

ಸಂಸ್ಕೃತಿ ಕೆಟ್ಟಿತೆಂದು ಶಿವಸೇನೆಯವರು ಥಿಯೇಟರ್ ಮುಂದೆ ಗಲಾಟೆ ಮಾಡಿದರು. ನಮ್ಮನ್ನು ರಾಕ್ಷಸಿಯರನ್ನಾಗಿ ಮಾಡಿದ್ದಾರೆಂದು ಸಲಿಂಗಿ ಮಹಿಳೆಯರ ಗುಂಪುಗಳೂ ಸಿಟ್ಟಾದವು. ನ್ಯಾಯ ಇದ್ದದ್ದು ಈ ಎರಡನೆಯ ಸಿಟ್ಟಿನಲ್ಲಿ.

ಬೇರೆ ದಾರಿ ಇರಲಿಲ್ಲವೇ? ಇತ್ತು. ದೀಪಾ ಮೆಹ್ತಾರ 1996ರ 'ಫೈರ್'ಗೂ 1998ರಲ್ಲಿ ಇದೇ ಗಲಾಟೆ, ಗಾಜು ಪುಡಿ. ಆದರೆ ಶಬಾನಾ ಆಜ್ಮಿ, ನಂದಿತಾ ದಾಸ್ ಮಾಡಿದ ಆ ಇಬ್ಬರು ಓರಗಿತ್ತಿಯರು ಕಡೆಗೂ ಜೀವಂತ ಉಳಿದರು, ಒಟ್ಟಿಗೇ.