ಮರಳಿ ಬರಬೇಕಾದ ಕರೆ

ಪ್ರವೇಶದ ದಿನಗಳಲ್ಲಿ ಮುಂಬಯಿಯ ಕನ್ನಡ ಶಾಲೆಯೊಂದು ದೂರವಾಣಿಯಲ್ಲಿ ಕರೆದಾಗ ಪಾಲಕರು ಬಹುಮಟ್ಟಿಗೆ ದುಡಿಮೆಯಲ್ಲಿರುತ್ತಾರೆ. ಆಗ ಉಳಿಸುವ ಧ್ವನಿಸಂದೇಶದಲ್ಲಿ ಸಂಸ್ಥೆಯ ಕೀರ್ತಿಯನ್ನು ಕೊಂಡಾಡುವುದು ವ್ಯರ್ಥ. ಹೇಳುವವರ ಹೆಸರು, ಮಗುವಿನ ಹೆಸರು, ಮರಳಿ ಕರೆಯಬೇಕಾದ ಸಂಖ್ಯೆ, ಅನುಕೂಲದ ಹೊತ್ತು, ಇವಿಷ್ಟು ತಿಳಿಗನ್ನಡದಲ್ಲಿದ್ದರೆ ಸಾಕು. ಹೋಟೆಲಿನಲ್ಲಿ ದುಡಿಯುವ ತಂದೆಗೆ ಬಿಡುವು ದೊರೆಯುವುದು ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ. ಆ ಹೊತ್ತಿನಲ್ಲಿ ಉತ್ತರಿಸಲು ಶಾಲೆಯಲ್ಲಿ ಒಬ್ಬರಿರಬೇಕು. ಮಗುವನ್ನು ಪರೀಕ್ಷಿಸುವರೆಂಬ ಅಂಜಿಕೆಯೂ ಕೆಲವರನ್ನು ತಡೆಯುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಪ್ರಾಥಮಿಕ ಪ್ರವೇಶಕ್ಕೆ ಅಂತಹ ಪರೀಕ್ಷೆಯನ್ನು ನಿಷೇಧಿಸಿದೆ. ಈ ಮಾತನ್ನೂ ಸಂದೇಶದಲ್ಲಿ ಸೇರಿಸುವುದು ಯುಕ್ತ. ಮಕ್ಕಳ ಸಂಖ್ಯೆ ಸಾಲದೆ ಹೊರನಾಡಿನ ಕನ್ನಡ ಶಾಲೆಗಳು ಮುಚ್ಚುತ್ತಿರುವಾಗ, ಮರಳಿ ಬಾರದ ಒಂದು ಕರೆಯೂ ಅಲ್ಪ ನಷ್ಟವಲ್ಲ.