ಅಂಜೂರದ ಬುಡಕ್ಕೆ ಗೊಬ್ಬರ ಹಾಕುವವರಾರು?

ತಪಸ್ಸುಕಾಲದಲ್ಲಿ ಗುರುಗಳಾದ ನಾವು ಅಂಜೂರದ ಮರದ ಸಾಮತಿಯನ್ನು (ಲೂಕ 13:6-9) ಬಹು ಗಂಭೀರವಾಗಿ ಬೋಧಿಸುತ್ತೇವೆ. ಫಲ ಕೊಡದ ಮರವನ್ನು ಕಡಿಸಲು ಯಜಮಾನನು ಹೊರಟಾಗ, ತೋಟಗಾರನು ಇನ್ನೊಂದು ವರ್ಷದ ಅವಕಾಶ ಬೇಡುತ್ತಾನೆ; ಬುಡ ಅಗೆದು ಗೊಬ್ಬರ ಹಾಕುವುದಾಗಿ ಮಾತು ಕೊಡುತ್ತಾನೆ. ದೇವರ ತಾಳ್ಮೆ, ಮಾನವನ ಪಶ್ಚಾತ್ತಾಪ ಎಲ್ಲವೂ ನಮ್ಮ ಪ್ರಬೋಧನೆಯಲ್ಲಿ ಬರುತ್ತವೆ. ಗೊಬ್ಬರ ಮಾತ್ರ ಬರುವುದಿಲ್ಲ. ಬಲಿಪೂಜೆ ಮುಗಿಸಿ ಹೊರಬಂದರೆ ಆವರಣದ ಮೂಲೆಯಲ್ಲಿ ತರಗೆಲೆಯ ರಾಶಿ ಉರಿಯುತ್ತಿರುತ್ತದೆ. ಬಲಿಪೀಠದಿಂದ ತೆಗೆದ ಹೂಗಳೂ ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛಗಳೂ ಅದರೊಂದಿಗೆ ಹೊಗೆಯಾಗುತ್ತಿರುತ್ತವೆ. ಅದೇ ಆವರಣದ ಗುಲಾಬಿಗಳಿಗೆಂದು ಅಂಗಡಿಯಿಂದ ಗೊಬ್ಬರದ ಮೂಟೆ ತರಿಸುತ್ತೇವೆ. ಇದನ್ನು ಅವಿವೇಕವೆನ್ನದೆ ಮತ್ತೇನೆನ್ನಬೇಕು?

ಕಸದ ವಿಲೇವಾರಿ ನಗರಪಾಲಿಕೆಯ ಕೆಲಸ, ನಾವು ತೆರಿಗೆ ಕಟ್ಟುತ್ತೇವೆ ಎನ್ನುವವರಿದ್ದಾರೆ. ಅವರಿಗೆ ಮಂಗಳೂರಿನ ಪಚ್ಚನಾಡಿಯನ್ನು ನೆನಪಿಸಬಯಸುತ್ತೇನೆ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಅಲ್ಲಿನ ಕಸದ ಬೆಟ್ಟ ಕುಸಿದು ಕೆಳಗಿದ್ದ ಮಂದಾರ ಎಂಬ ಊರಿನತ್ತ ಜಾರಿತು. ಅಡಿಕೆ, ತೆಂಗಿನ ತೋಟಗಳು ಅದರಡಿ ಹೂತುಹೋದವು. ಕುಟುಂಬಗಳು ಮನೆ ತೊರೆಯಬೇಕಾಯಿತು. ತೆರಿಗೆ ಕಟ್ಟಿದವರ ಕಸವೇ ಅದು! ನಮ್ಮ ಮನೆಗಳ ಕಸದಲ್ಲಿ ದೊಡ್ಡ ಪಾಲು ಕೊಳೆಯುವಂಥದ್ದು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದರೆ ಗಾಳಿಯಾಡದೆ ಕೊಳೆತು ನಾರುತ್ತದೆ. ಆ ಗಂಟನ್ನು, ಎಷ್ಟೋ ವೇಳೆ ಬರಿಗೈಯಲ್ಲಿ, ಬಿಚ್ಚುವವರು ಪೌರಕಾರ್ಮಿಕರು. ನೆರೆಯವನು ಯಾರೆಂಬ ಪ್ರಶ್ನೆಗೆ ಪ್ರಭು ಕೊಟ್ಟ ಉತ್ತರವನ್ನು ಬಲ್ಲ ನಾವು ಆ ಕೈಗಳನ್ನು ಕಾಣದಿರುವುದು ಹೇಗೆ?

ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ, ನಿಸರ್ಗದಲ್ಲಿ ಒಂದರ ಉಳಿಕೆ ಮತ್ತೊಂದರ ಆಹಾರವಾಗುವುದನ್ನು ಎತ್ತಿ ತೋರಿಸಿದ್ದಾರೆ. ಎರೆಹುಳು ಮಾಡುವುದು ಅದನ್ನೇ. ಹುಳುವೆಂದೊಡನೆ ಮೂಗು ಮುರಿಯುವವರಿಗೆ ಒಂದು ಮಾತು: ಚಾರ್ಲ್ಸ್ ಡಾರ್ವಿನ್‌ನಂಥ ವಿಜ್ಞಾನಿ 1881ರಲ್ಲಿ ತನ್ನ ಕೊನೆಯ ಗ್ರಂಥವನ್ನು ಈ ಜೀವಿಗೇ ಮೀಸಲಿಟ್ಟನು.

ಇದಕ್ಕೆ ಎಕರೆಗಟ್ಟಲೆ ಜಾಗ ಬೇಕಿಲ್ಲ. ನೆರಳಿನಲ್ಲಿ ಒಂದು ತೊಟ್ಟಿ, ಅದಿಲ್ಲವಾದರೆ ತಳದಲ್ಲಿ ತೂತುಗಳುಳ್ಳ ಹಳೆಯ ಬಕೆಟ್ಟು ಸಾಕು. ಅಡಿಯಲ್ಲಿ ತೆಂಗಿನ ನಾರು, ಅದರ ಮೇಲೆ ಒಣ ಎಲೆ, ಹಳೆಯ ಸಗಣಿ. ಮೇಲೆ ಒದ್ದೆ ಗೋಣಿಚೀಲ. ಹಸಿ ಸಗಣಿ ಕಾವೇರಿ ಹುಳುಗಳನ್ನು ಕೊಲ್ಲುತ್ತದೆ. ತರಕಾರಿ ಸಿಪ್ಪೆ, ಚಹಾದ ಚರಟ ಹಾಕಬಹುದು. ಎಣ್ಣೆ, ಉಪ್ಪಿನಕಾಯಿ, ಮೀನು, ಮಾಂಸ ಬೇಡ. ಹೊಲದಲ್ಲಿ ಅಗೆದು ತಂದ ಹುಳುಗಳು ಇಲ್ಲಿ ಬಾಳಲಾರವು, ಅವು ಮಣ್ಣಿನಾಳದವು; ತರಗೆಲೆಯ ನಡುವೆ ಬದುಕುವ ಕೆಂಪು ಜಾತಿಯವೇ ಬೇಕು. ಎರಡು ಮೂರು ತಿಂಗಳಲ್ಲಿ ಚಹಾಪುಡಿಯಂಥ ಕಪ್ಪು ಗೊಬ್ಬರ ಸಿದ್ಧ. ದುರ್ವಾಸನೆ ಬರುತ್ತದೆಂಬ ಆಕ್ಷೇಪವುಂಟು. ವಾಸನೆ ಬಂದರೆ ತೇವ ಹೆಚ್ಚಾಗಿದೆಯೆಂದರ್ಥ. ಒಣ ಎಲೆ ಸೇರಿಸಬೇಕು, ನಾವು ಸುಡುತ್ತಿರುವ ಅದೇ ಎಲೆಯನ್ನು.

ಇನ್ನೊಂದು ಚಾಳಿಯನ್ನೂ ಹೇಳಿಬಿಡುತ್ತೇನೆ. ಜೂನ್ 5ರ ಪರಿಸರ ದಿನದಂದು ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಆರಂಭಿಸಿದ ಎರೆಗೊಬ್ಬರದ ತೊಟ್ಟಿಗಳು ನಮ್ಮ ಸಂಸ್ಥೆಗಳಲ್ಲಿ ಸಾಕಷ್ಟಿವೆ. ಬೇಸಿಗೆ ರಜೆಯಲ್ಲಿ ನೀರು ಚಿಮುಕಿಸುವವರಿಲ್ಲದೆ ಹುಳುಗಳು ಸತ್ತು, ಈಗ ಅಲ್ಲಿ ಮುರಿದ ಬೆಂಚುಗಳಿವೆ. ಉದ್ಘಾಟನೆಗೆ ಮುಖ್ಯ ಅತಿಥಿ ಸಿಗುತ್ತಾರೆ, ನೀರು ಹಾಕಲು ಒಬ್ಬರೂ ಸಿಗುವುದಿಲ್ಲ.

ಆದ್ದರಿಂದ ಉದ್ಘಾಟನೆ ಬೇಡ. ಧರ್ಮಕೇಂದ್ರದ ಪಾಲನಾ ಪರಿಷತ್ತು ತನ್ನ ಮುಂದಿನ ಸಭೆಯಲ್ಲಿ ಎಲೆ ಸುಡುವುದನ್ನು ನಿಲ್ಲಿಸುವ ನಿರ್ಣಯ ಮಾಡಲಿ. ಬಲಿಪೀಠಕ್ಕೂ ಸಮಾಧಿಗಳಿಗೂ ಪ್ಲಾಸ್ಟಿಕ್ ಸುತ್ತಿದ ಹೂ ತರಬೇಡಿರೆಂದು ಪ್ರಕಟಣೆಯಾಗಲಿ. ತೊಟ್ಟಿಯ ಪಾಲನೆಯನ್ನು ವಾರಕ್ಕೊಂದು ಕುಟುಂಬದಂತೆ ಹಂಚಲಿ. ಮೊದಲ ವಾರ ಗುರುನಿವಾಸದ ಅಡುಗೆಮನೆಯ ಸಿಪ್ಪೆಯೊಂದಿಗೆ ಗುರುಗಳೇ ಬರಲಿ.