ನೀರು ನೋಡಿ ಫಿಲ್ಟರ್ ಕೊಳ್ಳಿ

ಹನಿ ನೀರಾವರಿ ಅಳವಡಿಸಬೇಕೆಂದಿರುವ ರೈತ ಬಾಂಧವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಎಕರೆಗೆ ಎಷ್ಟು ಖರ್ಚಾಗುತ್ತದೆ ಎಂಬುದು. ಎರಡನೆಯದು, ಪೈಪು ಎಷ್ಟು ವರ್ಷ ಬಾಳುತ್ತದೆ ಎಂಬುದು. ‘ನನ್ನ ನೀರಿಗೆ ಯಾವ ಫಿಲ್ಟರ್ ಹೊಂದುತ್ತದೆ?’ ಎಂದು ಕೇಳುವವರು ವಿರಳ. ಆದರೆ ನೀವು ಹೂಡಿದ ಹಣ ಉಳಿಯುವುದೋ ಹೋಗುವುದೋ ಎಂಬುದು ಬಹುಮಟ್ಟಿಗೆ ಈ ಮೂರನೆಯ ಪ್ರಶ್ನೆಯ ಮೇಲೆಯೇ ನಿಂತಿದೆ.

ಈ ತಪ್ಪಿನಲ್ಲಿ ನನ್ನದೂ ಒಂದು ಪಾಲಿದೆ. ಕೆಲವು ವರ್ಷಗಳ ಹಿಂದೆ ಕೋಲಾರ ಜಿಲ್ಲೆಯ ಟೊಮೇಟೊ ಬೆಳೆಗಾರರೊಬ್ಬರು ಜಾಲರಿ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತಿದೆ ಎಂದು ನನ್ನ ಬಳಿ ಬಂದಿದ್ದರು. ‘ದಿನವೂ ತೊಳೆಯಿರಿ’ ಎಂದು ಹೇಳಿ ಕಳುಹಿಸಿದೆ. ಮತ್ತೆ ಅವರ ಹೊಲಕ್ಕೆ ಹೋದಾಗ ಸಾಲುಗಳ ಕೊನೆಯ ಗಿಡಗಳು ಬಾಡಿ ನಿಂತಿದ್ದವು. ಅರ್ಧ ಗಂಟೆಗೊಮ್ಮೆ ತೊಳೆದು ಬೇಸತ್ತು ಅವರು ಒಳಗಿನ ಜಾಲರಿಯನ್ನೇ ತೆಗೆದಿಟ್ಟಿದ್ದರು. ವಿಚಾರಿಸಿದಾಗ ತಿಳಿಯಿತು: ಮೊದಲು ಕೊಳವೆ ಬಾವಿಯಿಂದ ನೇರವಾಗಿ ಹನಿಗೆ ಬರುತ್ತಿದ್ದ ನೀರು ಈಗ ಕೃಷಿ ಹೊಂಡಕ್ಕೆ ಬಿದ್ದು, ಅಲ್ಲಿ ಪಾಚಿ ಕಟ್ಟಿ, ಆಮೇಲೆ ಹನಿಗೆ ಬರುತ್ತಿತ್ತು. ನೀರಿನ ಮೂಲ ಬದಲಾಗಿತ್ತು, ಫಿಲ್ಟರ್ ಮಾತ್ರ ಹಳೆಯದೇ ಇತ್ತು. ನೀರು ಎಲ್ಲಿಂದ ಬರುತ್ತದೆ ಎಂದು ನಾನು ಮೊದಲ ದಿನವೇ ಕೇಳಬೇಕಿತ್ತು.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ನಮ್ಮ ಒಣ ಜಿಲ್ಲೆಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ. ಇದು ಒಳ್ಳೆಯದೇ. ಆದರೆ ಬಿಸಿಲಿಗೆ ತೆರೆದ ನೀರಿನಲ್ಲಿ ಪಾಚಿ ಬೆಳೆಯದೆ ಇರದು. ಹೊಂಡ ತೋಡಿದವರು ಫಿಲ್ಟರಿನ ಬಗ್ಗೆ ಮತ್ತೊಮ್ಮೆ ಯೋಚಿಸಲೇಬೇಕು.

ಯಾವ ನೀರಿಗೆ ಯಾವ ಫಿಲ್ಟರ್?

ಡ್ರಿಪ್ಪರಿನೊಳಗೆ ನೀರು ಹರಿಯುವ ದಾರಿ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸಿನದು, ಅದೂ ಅಂಕುಡೊಂಕು. ಸಣ್ಣ ಕಣಗಳೂ ಒಂದಕ್ಕೊಂದು ಆತುಕೊಂಡು ಈ ದಾರಿಯನ್ನು ಮುಚ್ಚಬಲ್ಲವು. ಆದ್ದರಿಂದ ದಾರಿಯ ಅಗಲದ ಏಳರಿಂದ ಹತ್ತನೇ ಒಂದು ಭಾಗಕ್ಕಿಂತ ದೊಡ್ಡ ಕಣಗಳನ್ನೆಲ್ಲ ತಡೆಯಬೇಕು. 120 ಮೆಶ್ ಜಾಲರಿಯ ರಂಧ್ರ ಸುಮಾರು 0.13 ಮಿ.ಮೀ. ಇರುವುದರಿಂದ ಅದು ಹೆಚ್ಚಿನ ಡ್ರಿಪ್ಪರುಗಳಿಗೆ ಸಾಕು.

ಕೊಳವೆ ಬಾವಿಯ ನೀರು ತಿಳಿಯಾಗಿದ್ದರೆ ಜಾಲರಿ ಫಿಲ್ಟರ್ ಅಥವಾ ಡಿಸ್ಕ್ ಫಿಲ್ಟರ್ ಒಂದೇ ಸಾಕು. ಇಂಥವರಿಗೆ ಮರಳು ಫಿಲ್ಟರ್ ಅನಗತ್ಯ. ಅದು ದುಬಾರಿ, ಒತ್ತಡವನ್ನೂ ತಿನ್ನುತ್ತದೆ.

ಕೊಳವೆ ಬಾವಿಯಿಂದ ಮರಳು ಬರುತ್ತಿದ್ದರೆ ಮೊದಲು ಹೈಡ್ರೋಸೈಕ್ಲೋನ್, ಅನಂತರ ಜಾಲರಿ ಇರಲಿ. ಹೈಡ್ರೋಸೈಕ್ಲೋನ್ ನೀರನ್ನು ಸುತ್ತಿಸಿ ಭಾರದ ಮರಳನ್ನು ಬುಡಕ್ಕೆ ಇಳಿಸುತ್ತದೆ. ಆದರೆ ಹಗುರವಾದ ಪಾಚಿಯನ್ನಾಗಲಿ ನುಣುಪಾದ ಜೇಡಿಯನ್ನಾಗಲಿ ಅದು ಹಿಡಿಯಲಾರದು.

ಕೃಷಿ ಹೊಂಡ, ಕೆರೆ, ಕಾಲುವೆ, ತೆರೆದ ಬಾವಿಯ ನೀರಿಗೆ ಮರಳು ಫಿಲ್ಟರ್ ಬೇಕು. ಜಾಲರಿಯ ಮೇಲೆ ಪಾಚಿ ಹಾಳೆಯಂತೆ ಅಂಟಿ ಕ್ಷಣದಲ್ಲಿ ಮುಚ್ಚುತ್ತದೆ. ಮರಳಿನಲ್ಲಾದರೆ ಅದು ಪದರದ ಆಳದವರೆಗೆ ಸಿಕ್ಕಿಕೊಳ್ಳುವುದರಿಂದ ಬೇಗ ಕಟ್ಟಿಕೊಳ್ಳುವುದಿಲ್ಲ. ಮರಳು ಫಿಲ್ಟರಿನ ಮುಂದೆ ಒಂದು ಜಾಲರಿ ಅಥವಾ ಡಿಸ್ಕ್ ಫಿಲ್ಟರ್ ಇರಲೇಬೇಕು. ಗೊಬ್ಬರ ಕೊಡುವ ವೆಂಚುರಿಯನ್ನು ಇವೆರಡರ ನಡುವೆ ಜೋಡಿಸಿದರೆ ಕರಗದ ಗೊಬ್ಬರದ ಕಣಗಳೂ ಅಲ್ಲಿಯೇ ತಡೆಯಲ್ಪಡುತ್ತವೆ.

ಹರಿವನ್ನು ಅಳೆಯಿರಿ

ಫಿಲ್ಟರಿನ ಜಾತಿಯಷ್ಟೇ ಮುಖ್ಯವಾದುದು ಅದರ ಗಾತ್ರ. ಇದನ್ನು ತಿಳಿಯಲು 200 ಲೀಟರ್ ಡ್ರಮ್ಮು ಮತ್ತು ಗಡಿಯಾರ ಸಾಕು. ಪಂಪು ಒಂದು ಗಂಟೆ ಓಡಿದ ಮೇಲೆ, ಗೇಟ್ ವಾಲ್ವನ್ನು ತಿರುಗಿಸಿ ಗೇಜಿನಲ್ಲಿ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಒತ್ತಡ ನಿಲ್ಲಿಸಿ ಅಳೆಯಿರಿ. ತೆರೆದ ಬಾಯಿಯಲ್ಲಿ ಅಳೆದರೆ ಲೆಕ್ಕ ಹೆಚ್ಚು ಬರುತ್ತದೆ. ಡ್ರಮ್ಮು ಒಂದೂವರೆ ನಿಮಿಷದಲ್ಲಿ ತುಂಬಿದರೆ ನಿಮ್ಮ ಹರಿವು ಗಂಟೆಗೆ 8,000 ಲೀಟರ್. ಈ ಅಳತೆಯನ್ನು ಬೇಸಿಗೆಯಲ್ಲಿ ಮಾಡುವುದು ಮೇಲು.

ಇನ್ನು ಹೊಲದ ಬೇಡಿಕೆ. ಒಂದು ಎಕರೆಯಲ್ಲಿ ಒಂದೂವರೆ ಮೀಟರಿಗೊಂದು ಸಾಲು, 40 ಸೆಂ.ಮೀ.ಗೊಂದು ಡ್ರಿಪ್ಪರ್ ಇದ್ದರೆ ಸುಮಾರು 6,700 ಡ್ರಿಪ್ಪರುಗಳಾಗುತ್ತವೆ. ಗಂಟೆಗೆ 2 ಲೀಟರಿನಂತೆ 13,400 ಲೀಟರ್ ಬೇಕು. ನಿಮ್ಮಲ್ಲಿರುವುದು 8,000. ಎಕರೆಯನ್ನು ಎರಡು ಭಾಗ ಮಾಡಿ ಸರದಿಯಂತೆ ನೀರು ಬಿಡಬೇಕೇ ಹೊರತು ಬೇರೆ ದಾರಿಯಿಲ್ಲ.

‘ದೊಡ್ಡ ಫಿಲ್ಟರ್ ಹಾಕಿದರೆ ಒಳ್ಳೆಯದಲ್ಲವೇ?’ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಗಂಟೆಗೆ 25,000 ಲೀಟರಿನ ಹೈಡ್ರೋಸೈಕ್ಲೋನಿಗೆ 8,000 ಲೀಟರ್ ಬಿಟ್ಟರೆ ನೀರು ರಭಸದಿಂದ ಸುತ್ತುವುದಿಲ್ಲ, ಮರಳೂ ಬೇರ್ಪಡುವುದಿಲ್ಲ. ಮರಳು ಫಿಲ್ಟರನ್ನು ತೊಳೆಯುವಾಗ ನೀರು ಕೆಳಗಿನಿಂದ ನುಗ್ಗಿ ಮರಳನ್ನು ಎಬ್ಬಿಸಬೇಕು. ತೊಟ್ಟಿ ದೊಡ್ಡದಾಗಿ ಪಂಪು ಸಣ್ಣದಾದರೆ ಮರಳು ಏಳುವುದೇ ಇಲ್ಲ, ಕೊಳೆ ಒಳಗೇ ಉಳಿಯುತ್ತದೆ. ಒಂದು ಚದರ ಮೀಟರ್ ಮರಳಿನ ಮೇಲ್ಮೈಗೆ ಗಂಟೆಗೆ ಸುಮಾರು 50,000 ಲೀಟರ್ ಎಂದು ಲೆಕ್ಕ ಹಿಡಿಯಿರಿ. ಆಗ 8,000 ಲೀಟರಿಗೆ 45 ಸೆಂ.ಮೀ. ವ್ಯಾಸದ ತೊಟ್ಟಿ ಸರಿಹೊಂದುತ್ತದೆ.

ಫಿಲ್ಟರಿನ ಹಿಂದೆ ಒಂದು, ಮುಂದೆ ಒಂದು ಗೇಜು ಇರಲಿ. ಎರಡರ ನಡುವಣ ಅಂತರ ಅರ್ಧ ಕಿಲೋಗ್ರಾಂ ಮುಟ್ಟಿದ ಕೂಡಲೆ ತೊಳೆಯಬೇಕು. ಗೇಜಿಲ್ಲದೆ ಫಿಲ್ಟರ್ ಇಡುವುದು ಕಣ್ಣು ಕಟ್ಟಿಕೊಂಡು ಗಾಡಿ ಹೊಡೆದಂತೆ.

ಫಿಲ್ಟರ್ ಮಾಡಲಾರದ ಕೆಲಸ

ನೀರಿನಲ್ಲಿ ಕರಗಿರುವ ಸುಣ್ಣ ಮತ್ತು ಕಬ್ಬಿಣವನ್ನು ಯಾವ ಫಿಲ್ಟರೂ ನೇರವಾಗಿ ತಡೆಯಲಾರದು. ಅಮೆರಿಕದ ವಿಜ್ಞಾನಿಗಳಾದ ಬಕ್ಸ್, ನಕಯಾಮ ಮತ್ತು ಗಿಲ್ಬರ್ಟ್ 1979ರಲ್ಲಿ ಕೊಟ್ಟ ವರ್ಗೀಕರಣದಂತೆ, ಲೀಟರಿಗೆ 0.2 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣವಿದ್ದರೆ ಡ್ರಿಪ್ಪರ್ ಕಟ್ಟಿಕೊಳ್ಳುವ ಭಯವಿದೆ. 1.5 ಮಿಲಿಗ್ರಾಂ ಮೀರಿದರೆ ಆ ಭಯ ತೀವ್ರ. ಅಂತಹ ನೀರನ್ನು ಗಾಳಿಯಾಡುವಂತೆ ತೊಟ್ಟಿಗೆ ಬೀಳಿಸಿ, ಕೆಂಪು ಗಸಿ ತಳಕ್ಕೆ ಇಳಿದ ಮೇಲೆ ಮರಳು ಫಿಲ್ಟರಿಗೆ ಬಿಡಬೇಕು. ಡ್ರಿಪ್ಪರಿನ ಬಾಯಲ್ಲಿ ಬಿಳಿ ಹೊಪ್ಪಳೆ ಕಂಡರೆ ಅದು ಸುಣ್ಣ. ಅದಕ್ಕೆ ಆಮ್ಲದ ಉಪಚಾರ ಬೇಕು. ಪ್ರಮಾಣವನ್ನು ನೀರಿನ ಪರೀಕ್ಷೆಯ ಮೇಲೆಯೇ ನಿರ್ಧರಿಸಬೇಕು. ನೀರಿಗೆ ಆಮ್ಲ ಸುರಿಯಬೇಕು. ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಕೂಡದು.

ಖರ್ಚಿಲ್ಲದ ಉಪಾಯವೂ ಒಂದಿದೆ. ಹೊಂಡದಲ್ಲಿ ಫುಟ್ ವಾಲ್ವನ್ನು ತಳದಲ್ಲಿ ಬಿಡಬೇಡಿ, ಅಲ್ಲಿ ಗೋಡು ಇರುತ್ತದೆ. ಮೇಲೆ ತೇಲಿಸಲೂಬೇಡಿ, ಅಲ್ಲಿ ಪಾಚಿ ಇರುತ್ತದೆ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಕಟ್ಟಿ ಒಂದೂವರೆ ಎರಡು ಅಡಿ ಕೆಳಗೆ ತೂಗಬಿಡಿ. ಫಿಲ್ಟರಿನ ಅರ್ಧ ಹೊರೆ ಅಲ್ಲಿಯೇ ಇಳಿಯುತ್ತದೆ.

ನನ್ನ ಅಭಿಪ್ರಾಯ

ಸಹಾಯಧನ ಸಿಗುತ್ತದೆಂದು ಅಂದಾಜು ಪಟ್ಟಿಯಲ್ಲಿ ಬರೆದ ಫಿಲ್ಟರನ್ನೇ ಕಣ್ಣು ಮುಚ್ಚಿ ಒಪ್ಪಿಕೊಳ್ಳಬೇಡಿ. ನೀರು ಎಲ್ಲಿಂದ ಬರುತ್ತದೆ, ಗಂಟೆಗೆ ಎಷ್ಟು ಬರುತ್ತದೆ, ಅದರಲ್ಲಿ ಏನಿದೆ ಎಂಬ ಮೂರು ಸಂಗತಿಗಳನ್ನು ಮಾರಾಟಗಾರರ ಮುಂದಿಟ್ಟು, ಇದಕ್ಕೆ ತಕ್ಕ ಫಿಲ್ಟರ್ ಕೊಡಿ ಎಂದು ಕೇಳಿ. ಹಣ ಸಾಲದಿದ್ದರೆ ಎರಡು ಎಕರೆಯ ಬದಲು ಒಂದೂವರೆ ಎಕರೆಗೆ ಹನಿ ಹಾಕಿ. ಆದರೆ ಫಿಲ್ಟರಿನಲ್ಲಿ ಉಳಿತಾಯ ಮಾಡಬೇಡಿ. ಉಳಿದರ್ಧ ಎಕರೆಗೆ ಮುಂದಿನ ವರ್ಷವೂ ಪೈಪು ಎಳೆಯಬಹುದು. ಕಟ್ಟಿಕೊಂಡ ಆರು ಸಾವಿರ ಡ್ರಿಪ್ಪರುಗಳನ್ನು ಒಂದೊಂದಾಗಿ ಬಿಡಿಸಲು ಯಾರಿಂದಲೂ ಆಗದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಈಗಾಗಲೇ ಹನಿ ಅಳವಡಿಸಿರುವವರು ಈ ವಾರವೇ ಒಂದು ಪರೀಕ್ಷೆ ಮಾಡಿ ನೋಡಿ. ಸಾಲಿನ ಕೊನೆಯ ಡ್ರಿಪ್ಪರಿನ ಕೆಳಗೆ ಒಂದು ಲೋಟ ಇಟ್ಟು ಮೂರು ನಿಮಿಷ ನೀರು ಹಿಡಿಯಿರಿ. ಗಂಟೆಗೆ 2 ಲೀಟರಿನ ಡ್ರಿಪ್ಪರಾದರೆ 100 ಮಿಲಿಲೀಟರ್ ಬರಬೇಕು. ಹತ್ತಾರು ಕಡೆ ಹೀಗೆ ಹಿಡಿದು ನೋಡಿದಾಗ 90ಕ್ಕಿಂತ ಕಡಿಮೆ ಬಂದರೆ, ಗಿಡ ಬಾಡುವ ಮೊದಲೇ ಸಾಲುಗಳ ಕೊನೆಯ ಮುಚ್ಚಳ ಬಿಚ್ಚಿ ನೀರು ತಿಳಿಯಾಗುವವರೆಗೆ ಹರಿಯಬಿಡಿ. ಅನಂತರ ಫಿಲ್ಟರನ್ನು ಬಿಚ್ಚಿ ನೋಡಿ. ಈ ಕೆಲಸವನ್ನು ಆಳಿಗೆ ವಹಿಸದೆ ನೀವೇ ಮಾಡಿ. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ಹಿರಿಯರ ಮಾತು ಫಿಲ್ಟರ್ ತೊಳೆಯುವುದಕ್ಕೂ ಅನ್ವಯಿಸುತ್ತದೆ.